ಹ್ಯಾಝರ್ಡ್ ಚಾಚಾ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳುತ್ತೇನೆ. ದುಬೈಯ ಅಲ್ ಕೂಜ್‌ನಲ್ಲಿ ನಮ್ಮದೊಂದು ಮರಗೆಲಸದ ವರ್ಕ್‌ಶಾಪ್ ಇದೆ. ವಸ್ತುಪ್ರದರ್ಶನಗಳಿಗೆ ಮಳಿಗೆ ಕಟ್ಟಿಕೊಡುವುದು ನಮ್ಮ ಕೆಲಸ. ಶಟರ್ ದಾಟಿ ಒಳಗೆ ಬಂದರೆ ಎಡಕ್ಕೆ ನೀರಿನ ಕೂಲರ್, ಅದರ ಮುಂದೆ ನೆಲದ ಮೇಲೆ ಅಡ್ಡಲಾಗಿ ಎಳೆದ ಹಳದಿ ಗೆರೆ. ಆ ಗೆರೆಯ ಈಚೆ, ಎಡಭುಜ ಕೂಲರಿಗೆ ತಾಗುವಷ್ಟು ಹತ್ತಿರ, ನಾನು ನಿಂತಿದ್ದೆ. ಕೆಲವು ವರ್ಷದ ಹಿಂದಿನ ನವೆಂಬರ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಎಳೆಬಿಸಿಲು ಹಿಂದಿನಿಂದ ಬಂದು ನಮ್ಮೆಲ್ಲರ ನೆರಳನ್ನು ಗೆರೆಯ ಆಚೆಗೆ ಚೆಲ್ಲಿತ್ತು. ನನ್ನ ಕಣ್ಣಿಗೆ ಏನೂ ಅಡ್ಡ ಇರಲಿಲ್ಲ. ಮುಂದೆ ಹೇಳುವುದರಲ್ಲಿ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ.

ಆ ಬೆಳಿಗ್ಗೆ ತೀರ್ಮಾನ ಆಗಬೇಕಿದ್ದದ್ದು ಒಂದೇ ವಿಷಯ. ನಮ್ಮ ಸೇಫ್ಟಿ ಆಫೀಸರ್ ಆಗಿದ್ದ ಭಟ್ಕಳದ ಹಿರಿಯರೊಬ್ಬರು, ನಿವೃತ್ತಿಗೆ ಇನ್ನೇನು ಕೆಲವು ತಿಂಗಳಿರುವಾಗ, ಜೂಜುಕೋರ ಎಂಬ ಹೆಸರು ಹೊತ್ತು ಊರಿಗೆ ಮರಳಬೇಕೋ ಬೇಡವೋ ಎಂಬುದು.

ಅವರು ಹೋದ ವಾರ ತೀರಿಕೊಂಡರು. ಅವರ ಮಗ ಫೋನ್ ಮಾಡಿ ಹೇಳಿದ. ರಾತ್ರಿ ಊಟ ಮಾಡಿ, ಮೊಮ್ಮಗಳಿಗೆ ಏನೋ ತಮಾಷೆ ಹೇಳಿ ನಗಿಸಿ, ಮಲಗಿದವರು ಏಳಲಿಲ್ಲವಂತೆ. ಆ ತಮಾಷೆ ಏನೆಂದು ನಾನು ಕೇಳಬೇಕಿತ್ತು.

ವರ್ಕ್‌ಶಾಪಿನಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ನೇಪಾಳದವರಿಗೂ ಪೇಶಾವರದವರಿಗೂ ಬಜ್ಪೆಯವರಿಗೂ ಅವರು ಹ್ಯಾಝರ್ಡ್ ಚಾಚಾ. ತೆಳ್ಳಗೆ ಎತ್ತರದ ಆಳು, ಕತ್ತರಿಸಿ ಹದವಾಗಿಟ್ಟ ಬಿಳಿ ಗಡ್ಡ. ಮೈಮೇಲಿನ ಕಿತ್ತಳೆ ಬಣ್ಣದ ಸೇಫ್ಟಿ ಜಾಕೆಟ್ಟಿಗೂ ಇಸ್ತ್ರಿ ಹಾಕುತ್ತಿದ್ದರು. ಇಸ್ತ್ರಿ ಹಾಕಿದ ಸೇಫ್ಟಿ ಜಾಕೆಟ್ಟನ್ನು ನಾನು ಬೇರೆ ಯಾರ ಮೈಮೇಲೂ ನೋಡಿಲ್ಲ. ಅತ್ತರು ಮತ್ತು ಮರದ ಗೋಂದು ಎರಡೂ ಸೇರಿದ ಒಂದು ವಾಸನೆ ಅವರಿಗಿಂತ ಮುಂಚೆ ಬಂದು ಅವರು ಬರುವುದನ್ನು ತಿಳಿಸುತ್ತಿತ್ತು. ಮುಖ್ಯವಾದದ್ದೇನನ್ನೋ ಹೇಳುವವರ ಹಾಗೆ ಕನ್ನಡಕ ತೆಗೆದು, ಜಾಕೆಟ್ಟಿನ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಇವತ್ತು ಚಾಯ್‌ಗೆ ಸಕ್ಕರೆ ಜಾಸ್ತಿ ಮಾರಾಯ್ರೆ" ಎನ್ನುತ್ತಿದ್ದರು. ಮುಖ್ಯವಾದದ್ದನ್ನು ಕನ್ನಡಕ ಮುಟ್ಟದೆ ಹೇಳುತ್ತಿದ್ದರು.

ಅಪಾಯವನ್ನು ಅವರು ರಜೆಯ ದಿನವೂ ಬಿಡುತ್ತಿರಲಿಲ್ಲ. ಒಮ್ಮೆ ಇಬ್ಬರೂ ಬಸ್ಸಿನಲ್ಲಿ ಅಬುಧಾಬಿಗೆ ಹೋಗಿದ್ದೆವು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅವರು ಮೊದಲು ಬಹಳ ವರ್ಷ ಇದ್ದರು, ಆ ಹಳೆಯ ಕಟ್ಟಡವನ್ನು ನನಗೆ ತೋರಿಸಬೇಕಿತ್ತು. ದಾರಿಯಲ್ಲಿ ಎರಡನೇ ಮಹಡಿಯ ಕಿಟಕಿಯ ಅಂಚಿನ ಮೇಲೆ ಒಬ್ಬ ಬೆಲ್ಟಿಲ್ಲದೆ ನಿಂತು ಗಾಜು ಒರೆಸುತ್ತಿದ್ದ. ಚಾಚಾ ಕೆಳಗೆ ನಿಂತು ಹಿಂದಿ, ಅರಬ್ಬಿ, ಮಲಯಾಳ, ಇಂಗ್ಲಿಷ್ ಎಲ್ಲದರಲ್ಲೂ ಕೂಗಿದರು. ಕೊನೆಗೆ ಅವನು ಗಾಬರಿಯಿಂದ ಇಳಿದು ಬಂದ. ನೋಡಿದರೆ ಅವನು ಕೆಲಸದವನಲ್ಲ, ಆ ಮನೆಯ ಬಾಡಿಗೆದಾರ. ಹೆಂಡತಿ ಊರಿನಿಂದ ಬರುತ್ತಾಳೆಂದು ಕಿಟಕಿ ಒರೆಸುತ್ತಿದ್ದನಂತೆ. ಚಾಚಾ ಅವನನ್ನು ಚಹಾ ಕುಡಿಸಲು ಕರೆದುಕೊಂಡು ಹೋದರು. "ಕಿಟಕಿ ಕೊಳೆ ಇದ್ರೆ ಹೆಂಡತಿ ಬೈತಾಳೆ. ನೀನು ಬಿದ್ರೆ ಬೈಲಿಕ್ಕೆ ಯಾರನ್ನು ಹುಡುಕ್ತಾಳೆ?" ಎಂದು ಹಿಂದಿಯಲ್ಲಿ ಕೇಳಿದರು. ಹಳೆಯ ಕಟ್ಟಡ ನೋಡಲು ನಮಗೆ ಹೊತ್ತೇ ಉಳಿಯಲಿಲ್ಲ.

ಆ ಕಟ್ಟಡದಲ್ಲಿಯೇ ಅವರಿಗೆ ಹ್ಯಾಝರ್ಡ್ ಎಂಬ ಶಬ್ದದ ಹುಚ್ಚು ಹಿಡಿದದ್ದು. ಒಂದೇ ಮಹಡಿಯಲ್ಲಿದ್ದ ಸ್ಪೇನ್ ದೇಶದ ಟೀಚರೊಬ್ಬರು ಲಿಫ್ಟಿನಲ್ಲಿ ಅವರೊಡನೆ ಸಿಕ್ಕಿಬಿದ್ದಾಗ, ಇಬ್ಬರೂ ಒಟ್ಟಿಗೆ ಹತ್ತಿದ್ದು ಬರೀ ಆಕಸ್ಮಿಕ ಎನ್ನಲು 'ಅಸಾರ್' ಎಂದರಂತೆ. ದಾಳಕ್ಕೆ ಅರಬ್ಬಿಯಲ್ಲಿ ಝಹ್ರ್ ಎನ್ನುವುದು ಚಾಚಾಗೆ ಗೊತ್ತಿತ್ತು. ಲಿಫ್ಟ್ ಸರಿಯಾಗುವ ಹೊತ್ತಿಗೆ ಆ ಎರಡು ಶಬ್ದ ನೆಂಟರೆಂದು ಇಬ್ಬರಿಗೂ ಖಾತ್ರಿಯಾಗಿತ್ತು. ಆಮೇಲೆ ಯಾವ ದೇಶದವರು ಸಿಕ್ಕಿದರೂ, "ನಿಮ್ಮಲ್ಲಿ ಹ್ಯಾಝರ್ಡ್ ಅಂದ್ರೆ ಎಂತ?" ಎಂದು ಕೇಳುವುದು ರೂಢಿಯಾಯಿತು. ದುಬೈಯಲ್ಲಿ ಕುಳಿತರೆ ಕೇಳಲು ಜನಕ್ಕೆ ಬರವೇ?

ನನ್ನ ಮನೆತನ ಬಡಗಿಗಳದ್ದಾದ್ದರಿಂದ ನಾನು ಅವರಿಗೆ ಆಚಾರ್ರು. ಊಟದ ಬಿಡುವಿನಲ್ಲಿ ಪ್ಲೈವುಡ್ ರಾಶಿಯ ಮೇಲೆ ಕುಳಿತು ಅವರು ಆ ಶಬ್ದದ ಚರಿತ್ರೆ ಹೇಳಿದ್ದು ಹೀಗೆ:

"ನೋಡಿ ಆಚಾರ್ರೆ, ಇದು ಹುಟ್ಟಿದ್ದು ಅರಬ್ಬಿಯಲ್ಲಿ. ಅಲ್ಲಿಂದ ವೀಸಾ ತಕೊಂಡು ಸ್ಪೇನಿಗೆ ಹೋಯ್ತು. ಅಲ್ಲಿ ಇದಕ್ಕೆ ಕೊಟ್ಟ ಕೆಲಸ ಎಂತ? ಸೋಲುವ ಗರ. ದಾಳ ಹಾಕಿದಾಗ ಕೆಟ್ಟದ್ದು ಬಿದ್ರೆ ಅದು ಅಸಾರ್. ಹೊಸ ದೇಶಕ್ಕೆ ಹೋದವನಿಗೆ ಮೊದ್ಲು ಸಿಗೂದು ಯಾರಿಗೂ ಬೇಡದ ಕೆಲಸವೇ ಅಲ್ವಾ? ಪಕ್ಕದ ಪೋರ್ಚುಗಲ್‌ನಲ್ಲಿ ಇವತ್ತಿಗೂ ಅದೇ ಡ್ಯೂಟಿ, ದುರದೃಷ್ಟ. ಸ್ಪೇನ್‌ನಲ್ಲಿ ಮಾತ್ರ ನಿಧಾನಕ್ಕೆ ಪ್ರಮೋಶನ್ ಆಯ್ತು, ಆಕಸ್ಮಿಕ. ಫ್ರಾನ್ಸಿಗೆ ಹೋದದ್ದು ಮೊದ್ಲು ದಾಳದ ಆಟ, ಆಮೇಲೆ ಅಲ್ಲೂ ಆಕಸ್ಮಿಕ. ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ, ಸುಮ್ನೆ ಆದದ್ದು. ಇಟಲಿಯಲ್ಲಿ ರಿಸ್ಕು. ಜರ್ಮನಿ, ಪೋಲೆಂಡ್ ಕಡೆ ಹೋದದ್ದು ಪಾಪ, ಸಹವಾಸ ಕೆಟ್ಟಿತು, ಬರೀ ಜೂಜು. ರಷ್ಯಾಕ್ಕೆ ಹೋದದ್ದು ನೋಡಿ, ಅದು ಮಜಾ. ಅಲ್ಲಿ ಅಝಾರ್ತ್ ಅಂದ್ರೆ ಹುರುಪು. ಮಕ್ಕಳು ಆಟಕ್ಕೆ ಇಳಿದಾಗ ಕಣ್ಣಲ್ಲಿ ಬರ್ತದಲ್ಲ, ಅದು."

"ಇಂಗ್ಲಿಷಿನಲ್ಲಿ?"

"ಇಂಗ್ಲಿಷಿನವರ ಹತ್ರ ಅದೂ ಮೊದ್ಲು ದಾಳದ ಆಟವೇ. ವಯಸ್ಸಾದ ಮೇಲೆ ನನ್ನ ಹಾಗೆ ಸೇಫ್ಟಿ ಆಫೀಸರ್ ಆಯ್ತು, ಅಪಾಯ. ಈಗ ಇಂಗ್ಲಿಷ್ ಕಂಪನಿ ವೀಸಾದಲ್ಲಿ ವಾಪಸ್ ಅರಬ್ ದೇಶಕ್ಕೆ ಬಂದು ನಮ್ಮ ಗೇಟಿನ ಹಳದಿ ಬೋರ್ಡಿನಲ್ಲಿ ನಿಂತಿದೆ. ಸ್ವಂತ ಊರಿನವರೇ ಗುರುತು ಹಿಡಿಯೂದಿಲ್ಲ!"

ಹೇಳಿ ತಾವೇ ನಕ್ಕರು. ಹಲ್ಲಿನ ಸಂದಿಯಿಂದ ಶಿಳ್ಳೆ ಬಂದ ಹಾಗಿನ ನಗು ಅದು. ಹಾಗೆಂದು ಎಲ್ಲವನ್ನೂ ತೀರಾ ಖಚಿತವಾಗಿ ಹೇಳುವವರಲ್ಲ. ಪಂಡಿತರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ, ಝಹ್ರ್ ಎಂದರೆ ದಾಳ ಎಂಬುದು ಹಳೆಯ ಅರಬ್ಬಿ ನಿಘಂಟುಗಳಲ್ಲಿ ಸಿಗುವುದಿಲ್ಲವಂತೆ, ಧರ್ಮಯುದ್ಧಕ್ಕೆ ಬಂದ ಸೈನಿಕರು ಸಿರಿಯಾದ ಯಾವುದೋ ಕೋಟೆಗೆ ಮುತ್ತಿಗೆ ಹಾಕಿ, ಹೊತ್ತು ಹೋಗದೆ ದಾಳ ಆಡಿ, ಕೋಟೆಯ ಹೆಸರನ್ನೇ ಆಟಕ್ಕೆ ಇಟ್ಟರೆಂದೂ ಹೇಳುತ್ತಾರೆ ಎಂದು ಸೇರಿಸಿದರು. "ಯಾವುದು ಹೌದೋ. ನಾನು ಅಲ್ಲಿ ನಿಂತಿರ್ಲಿಲ್ಲ." ಒಮ್ಮೆ ಮಾತ್ರ ಹುರುಪು ಹೆಚ್ಚಾಗಿ, ಸಾವಿರಕ್ಕೆ ಹಜಾರ್ ಎನ್ನುವುದೂ ಇದೇ ಮನೆತನದ್ದು ಎಂದುಬಿಟ್ಟರು. ಅದು ಪಾರಸಿಯದ್ದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದೆ. ಸ್ವಲ್ಪ ಯೋಚಿಸಿ, "ಆಯ್ತು ಬಿಡಿ. ಮುಖ ಒಂದೇ ತರ, ಪಾಸ್‌ಪೋರ್ಟ್ ಬೇರೆ" ಎಂದರು.

ಪ್ರತಿವರ್ಷ ಮಳಿಗೆ ಕಟ್ಟಿಸಲು ವಾರ್ಸಾದಿಂದ ಬರುತ್ತಿದ್ದ ಮಾರೆಕ್ ಎಂಬ ಇಂಜಿನಿಯರ್, ಮೊದಲ ದಿನ ನಮ್ಮ ಗೇಟಿನ ಬೋರ್ಡು ಕಂಡು ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡಿದ್ದ. ಅವನ ಭಾಷೆಯಲ್ಲಿ ನಾವು ಜೂಜಿನ ಅಡ್ಡೆ ಎಂದು ಬೋರ್ಡು ಹಾಕಿಕೊಂಡ ಹಾಗಿತ್ತು. ಚಾಚಾ ಅವನ ಕೈಕುಲುಕಿ, ಪೋಲೆಂಡಿನ ಪುರಾವೆ ನಡೆದುಕೊಂಡೇ ಮನೆಗೆ ಬಂತು ಎಂದು ದಿನವಿಡೀ ಸಂಭ್ರಮಿಸಿದರು.

ನಮ್ಮಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಎಲ್ಲರನ್ನೂ ಸೇರಿಸಿ ಅಪಾಯಗಳ ಬಗ್ಗೆ ಹೇಳುವ ಪದ್ಧತಿ ಇದೆ. ಟೂಲ್‌ಬಾಕ್ಸ್ ಟಾಕ್ ಎನ್ನುತ್ತೇವೆ. ಕಣ್ಣಿಗೆ ಕನ್ನಡಕ ಹಾಕಿ, ತಲೆಗೆ ಹೆಲ್ಮೆಟ್ ಹಾಕಿ ಎಂದು ದಿನಾ ಅದೇ ಮಾತು. ಜನ ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ಚಾಚಾ ಅದಕ್ಕೆ ಒಂದು ಉಪಾಯ ಮಾಡಿದರು. ಬಡಗಿಗಳ ಫೋರ್‌ಮನ್ ಬಜ್ಪೆಯ ಲ್ಯಾನ್ಸಿ ಉಳಿದ ಪ್ಲೈವುಡ್ಡಿನಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಚೌಕ ಗಟ್ಟಿಯೊಂದನ್ನು ಮಾಡಿಕೊಟ್ಟ. ನಮ್ಮ ಡಿಸೈನರ್, ಫ್ರಾನ್ಸಿನ ಹುಡುಗಿ ಕಮೀಲ್, ಅದರ ಆರು ಮುಖದಲ್ಲಿ ಆರು ಚಿತ್ರ ಬರೆದಳು: ಕಣ್ಣು, ಬೆರಳು, ಬೆಂಕಿ, ಕರೆಂಟು, ಏಣಿ, ಸೂರ್ಯ. ದಿನಕ್ಕೊಬ್ಬ ಅದನ್ನು ಚಾಪೆಯ ಮೇಲೆ ಉರುಳಿಸಬೇಕು. ಯಾವ ಚಿತ್ರ ಮೇಲೆ ಬಂತೋ ಅದರ ವಿಷಯದಲ್ಲಿ ತಾನೇ ಮಾಡಿದ ಒಂದು ಎಡವಟ್ಟನ್ನು ತನ್ನ ಭಾಷೆಯಲ್ಲೇ ಹೇಳಬೇಕು. ಸುಳ್ಳು ಹೇಳುವಂತಿಲ್ಲ. ಗೊತ್ತಿದ್ದವರು ಹಿಂದಿಗೆ ತಿರುಗಿಸಬೇಕು. ನಿದ್ದೆ ಎಲ್ಲಿಯದು? ಹೆಂಡತಿಗೆ ವಿಡಿಯೋ ಕಾಲ್ ಮಾಡುತ್ತ ಕೈಗೆ ಮೊಳೆ ಹೊಡೆದುಕೊಂಡವನ ಕಥೆಯನ್ನು ಪಷ್ತೋ ಭಾಷೆಯಲ್ಲಿ ಕೇಳಿ ಅರ್ಥವಾಗದೆಯೇ ನಾವು ಹೊಟ್ಟೆ ಹಿಡಿದು ನಕ್ಕಿದ್ದೇವೆ.

ಇನ್ನೊಂದು ನಿಯಮವೂ ಅವರದ್ದೇ. ಹಳದಿ ಗೆರೆಯ ಆಚೆ ಹೋಗುವ ಮುನ್ನ ಎಲ್ಲರೂ ನಮಾಜಿನ ಸಾಲಿನ ಹಾಗೆ ಭುಜಕ್ಕೆ ಭುಜ ಕೊಟ್ಟು ನಿಲ್ಲಬೇಕು. ಒಬ್ಬನ ಬೂಟು ಸರಿ ಇಲ್ಲವೆಂದರೆ ಅವನೊಬ್ಬನನ್ನು ಬಿಟ್ಟು ಹೋಗುವಂತಿಲ್ಲ. ಅವನು ತಯಾರಾಗುವವರೆಗೆ ಇಡೀ ಸಾಲೇ ಕಾಯಬೇಕು.

ಗಟ್ಟಿಯನ್ನು ಚಾಚಾ ತಾವು ಮಾತ್ರ ಎಂದೂ ಉರುಳಿಸಲಿಲ್ಲ. ಅದು ದಾಳ ಅಲ್ಲ, ಅದರಲ್ಲಿ ಅಂಕಿ ಇಲ್ಲ, ಪಣ ಇಲ್ಲ ಎಂದು ಅವರೇ ಹೇಳುತ್ತಿದ್ದರು. ಆದರೂ ಅವರ ಕೈ ಮುಂದೆ ಬರುತ್ತಿರಲಿಲ್ಲ. ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಫ್ಲ್ಯಾಟಿಗೆ ಅವರು ಕೆಲವು ಭಾನುವಾರ ಶಾವಿಗೆ ಬಿರಿಯಾನಿಯ ಡಬ್ಬಿ ಹಿಡಿದು ಬರುತ್ತಿದ್ದರು. ಒಮ್ಮೆ ನನ್ನ ಮಗಳು ಹಾವು ಏಣಿಯ ಆಟ ಹರಡಿ, "ಅಂಕಲ್, ಯುವರ್ ಟರ್ನ್!" ಎಂದು ದಾಳ ಮುಂದೆ ಮಾಡಿದಳು. ಅವರು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು.

"ದಾಳ ನಾನು ಮುಟ್ಟೂದಿಲ್ಲ ಮಗಳೆ. ನನ್ನದು ನೀನೇ ಹಾಕು. ಏಣಿ ಹತ್ತೂದು ನಾನು ಹತ್ತುತ್ತೇನೆ."

"ಬಟ್ ಅಂಕಲ್, ಸ್ನೇಕ್ ಬಂದ್ರೆ?"

"ಹಾವು ಬಂದ್ರೆ ನೀನು ಹಾಕಿದ್ದು ಸರಿ ಇಲ್ಲ ಅಂತ ತಪ್ಪು ನಿನ್ನ ಮೇಲೆ ಹಾಕ್ತೇನೆ."

ಅವಳು ಅವರ ಪಾಲಿನದನ್ನೂ ಹಾಕಿ ಹಾಕಿ ಅವರನ್ನೇ ಗೆಲ್ಲಿಸಿದಳು. ಇಂಥ ಮನುಷ್ಯನ ಮೇಲೆ ಜೂಜಿನ ದೂರು ಬಂದದ್ದು.

ದೂರಿನಲ್ಲಿ ಸತ್ಯದ ಒಂದು ಎಳೆಯೂ ಇತ್ತು. ಅದನ್ನು ಮುಚ್ಚಿಡಬಾರದು. ಇಂದು ಯಾವ ಚಿತ್ರ ಬರುತ್ತದೆಂದು ಹುಡುಗರು ತಮ್ಮತಮ್ಮಲ್ಲೇ ಸಮೋಸದ ಬಾಜಿ ಕಟ್ಟತೊಡಗಿದ್ದರು. ಸೋತವನು ಗೆದ್ದವನಿಗೆ ಸಮೋಸ ಕೊಡಿಸಬೇಕು. ಸಾಮಾನು ಎತ್ತುವ ಕೆಲಸದ ದಿಲ್‌ಬಹಾದುರ್ ದಿನಾ ಬೆಂಕಿಗೇ ಕಟ್ಟುತ್ತಿದ್ದ. "ಆಗ್! ಆಗ್!" ಎಂದು ಅವನು ಕೂಗುವುದನ್ನು ಚಾಚಾ ಉತ್ಸಾಹ ಎಂದುಕೊಂಡಿದ್ದರು. ವಿಷಯ ತಿಳಿದಾಗ ಅವರ ಮುಖ ಬಿಳಿಚಿತು. ಯಾರನ್ನೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎರಡು ದೊಡ್ಡ ಪೊಟ್ಟಣ ಹೊತ್ತು ಬಂದು, ಗಟ್ಟಿ ಉರುಳುವ ಮೊದಲೇ ಎಲ್ಲರ ಕೈಗೂ ಒಂದೊಂದು ಸಮೋಸ ಕೊಟ್ಟರು. "ಎಲ್ಲರಿಗೂ ಸಿಕ್ಕಿತಲ್ಲ? ಇನ್ನು ಯಾವುದಕ್ಕೆ ಬಾಜಿ ಕಟ್ತೀರಿ, ಕಟ್ಟಿ." ಬಾಜಿ ಅಲ್ಲಿಗೆ ನಿಂತಿತು. ಸಮೋಸ ನಿಲ್ಲಲಿಲ್ಲ.

ಆದರೆ ಅಷ್ಟರಲ್ಲಿ ಹೊಸ ಅಡ್ಮಿನ್ ಮ್ಯಾನೇಜರ್ ಮೇಲಿನ ಗಾಜಿನ ಕೋಣೆಯಿಂದ ಒಂದು ವಿಡಿಯೋ ತೆಗೆದಿದ್ದರು. ಧಾರವಾಡದ ಕಡೆಯವರು, ಕೆಟ್ಟವರಲ್ಲ, ಬಹಳ ಹೆದರುವವರು. ಗಾಜಿನ ಆಚೆ ಮಾತು ಕೇಳುವುದಿಲ್ಲ. ಕಾಣುವುದು ಇಷ್ಟೇ: ಗುಂಪು ಸುತ್ತ ನಿಂತಿದೆ, ನಡುವೆ ದಾಳ ಉರುಳುತ್ತಿದೆ, ಒಬ್ಬ ಕುಣಿಯುತ್ತಿದ್ದಾನೆ, ಇನ್ನೊಬ್ಬ ತಲೆ ಚಚ್ಚಿಕೊಳ್ಳುತ್ತಿದ್ದಾನೆ.

"ಏನ್ರೀ ಆಚಾರ್ರ, ಮುಂಜಾನೆದ್ದು ಜೂಜಾಡ್ತಾರಲ್ರೀ ಇಲ್ಲೆ! ಅದೂ ಸೇಫ್ಟಿ ಆಫೀಸರ್ ಮುಂದ ನಿಂತು ಆಡಸ್ತಾನ! ಈ ದೇಶದಾಗ ಜೂಜು ಅಂದ್ರ ಏನಂತ ತಿಳದೀರಿ? ಎಲ್ಲಾರೂ ಗಂಟುಮೂಟಿ ಕಟ್ಟೋದ!"

ನಾನು ವಿವರಿಸುವ ಹೊತ್ತಿಗೆ ವಿಡಿಯೋ ಹೆಡ್ ಆಫೀಸಿಗೆ ಹೋಗಿ, ಅಲ್ಲಿಂದ ನಮ್ಮ ಎಮಿರಾತಿ ಮಾಲೀಕರಿಗೂ ಹೋಗಿಬಿಟ್ಟಿತ್ತು. ಅವರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತೇವೆ. ಮಂಗಳವಾರ ತಾನೇ ಬಂದು ನೋಡುತ್ತೇನೆ ಎಂದು ಅವರು ಹೇಳಿ ಕಳಿಸಿದರು.

ಆ ನಾಲ್ಕಾರು ದಿನ ಚಾಚಾ ಕನ್ನಡಕ ಒರೆಸಲಿಲ್ಲ. ಸೋಮವಾರ ಊಟದ ಡಬ್ಬಿ ತೆರೆಯದೆ ಕುಳಿತಿದ್ದರು. "ಕೆಲಸ ಹೋದ್ರೆ ಹೋಯ್ತು ಆಚಾರ್ರೆ, ಹೇಗೂ ಹೋಗೂದೇ. ಭಟ್ಕಳ ಸಣ್ಣ ಊರು. ದುಬೈಯಲ್ಲಿ ಸೀನಿದ್ರೆ ಅಲ್ಲಿ ನೆಗಡಿ ಅಂತಾರೆ. ನಮ್ಮ ಅಪ್ಪ ಇಸ್ಪೀಟು ಆಡುವ ಕಟ್ಟೆ ದಾರಿಯಲ್ಲಿದೆ ಅಂತ ಸುತ್ತು ಹಾಕಿಕೊಂಡು ಮಸೀದಿಗೆ ಹೋಗ್ತಿದ್ರು. ಅವರ ಮಗ ಜೂಜು ಆಡಿಸಿ ಬಂದ ಅಂತ ಆಗ್ಬಾರ್ದು."

ಮಂಗಳವಾರ ಮ್ಯಾನೇಜರ್ ಎಲ್ಲರಿಗಿಂತ ಮೊದಲು ಬಂದಿದ್ದರು. ನಮ್ಮ ಚಾಪೆ ಯಾವಾಗಲೂ ಗೇಟಿನ ಪಕ್ಕದ ಮೂಲೆಯಲ್ಲಿರುತ್ತಿತ್ತು. ಅರ್ಬಾಬ್ ಕಣ್ಣಿಗೆ ಸರಿಯಾಗಿ ಕಾಣಲಿ ಎಂದು ಅವರು ಅದನ್ನು ವರ್ಕ್‌ಶಾಪಿನ ನಡುವೆ ಹಾಕಿಸಿದರು. ಅಲ್ಲಿ ಮಾರೆಕ್‌ನ ಮಳಿಗೆಯ ದೊಡ್ಡ ಹಲಗೆಯೊಂದನ್ನು ಬಣ್ಣ ಒಣಗಲೆಂದು ಹಿಂದಿನ ಸಂಜೆ ಬೆಲ್ಟು ಕಟ್ಟಿ ಮೇಲಕ್ಕೆತ್ತಿ ಚಾವಣಿಯಿಂದ ತೂಗುಬಿಟ್ಟಿದ್ದರು. ಬಣ್ಣ ನೋಡಲು ಮಾರೆಕ್ ಮತ್ತು ಕಮೀಲ್ ಕೂಡ ಬಂದಿದ್ದರು. ಚಾಪೆಯನ್ನು ಸರಿಸಿದ್ದು ಚಾಚಾಗೆ ಗೊತ್ತಿರಲಿಲ್ಲ. ಅವರು ಮಾಲೀಕರನ್ನು ಎದುರುಗೊಳ್ಳಲು ಗೇಟಿನ ಹೊರಗೆ ನಿಂತಿದ್ದರು.

ಅರ್ಬಾಬ್ ಬಂದರು. ನಲವತ್ತರ ಆಸುಪಾಸಿನ ಆಳು, ಮೈಮೇಲೆ ಅರಬರ ಉದ್ದ ನಿಲುವಂಗಿ, ಗರಿಗರಿ ಬಿಳಿ ಕಂದೂರ, ಕಾಲಿಗೆ ಚಪ್ಪಲಿ. ಎಡಗಾಲು ಸ್ವಲ್ಪ ಕುಂಟುತ್ತಿತ್ತು. ಟೆನಿಸಿನಂಥ ಪ್ಯಾಡೆಲ್ ಆಟ ಆಡುವಾಗ ಬಿದ್ದರೆಂದು ಆಫೀಸಿನಲ್ಲಿ ಹೇಳುತ್ತಿದ್ದರು. ನಾವೆಲ್ಲ ಗೆರೆಯ ಈಚೆ ಸಾಲಾಗಿ ನಿಂತಿದ್ದೆವು. ಅವರು ಸಲಾಂ ಹೇಳಿ, ನೇರ ಗೆರೆಯ ಕಡೆ ನಡೆದರು. ಚಾಚಾ ಅಡ್ಡ ಬಂದು, ತೋಳು ಚಾಚಿ, ಅರಬ್ಬಿಯಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು 'ಮಾಫಿ' ಮಾತ್ರ, ಇಲ್ಲ ಎಂದು. ಬೂಟು ಇಲ್ಲದೆ ಒಳಗೆ ಬಿಡುವುದಿಲ್ಲ ಎನ್ನುತ್ತಿದ್ದಾರೆ ಎಂಬುದು ಅವರ ಕಣ್ಣು ಹೋದ ಕಡೆ ನೋಡಿದರೆ ಎಲ್ಲರಿಗೂ ತಿಳಿಯುತ್ತಿತ್ತು.

ಮ್ಯಾನೇಜರ್ ಬೆವರಿದರು. "ಏ ಚಾಚಾ! ಇದು ಅವರ ಜಾಗಾ ಐತ್ರೀ! ಅವರ ಬಾಗಲದಾಗ ಅವರನ್ನ ತಡೀತೀರಿ?"

"ಜಾಗ ಅವರದ್ದೇ. ಕಾಲೂ ಅವರದ್ದೇ. ಅದಕ್ಕೇ ತಡೆದದ್ದು."

ತಮ್ಮ ಮಾನ ಯಾರ ಕೈಯಲ್ಲಿದೆಯೋ ಅವರನ್ನೇ ಅವರು ತಡೆದು ನಿಲ್ಲಿಸಿದ್ದರು. ಅರ್ಬಾಬ್ ತಮ್ಮ ಚಪ್ಪಲಿ ನೋಡಿಕೊಂಡರು, ಚಾಚಾ ಮುಖ ನೋಡಿದರು, ಆಮೇಲೆ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದು ಕುಳಿತರು. ದಿಲ್‌ಬಹಾದುರ್ ಸ್ಟೋರಿನಿಂದ ಒಂದು ಜೊತೆ ಬೂಟು ತಂದ. ಸಣ್ಣದಾಯಿತು. ಮತ್ತೆ ಓಡಿ ಇನ್ನೊಂದು ತಂದ. ಬಿಳಿ ಕಂದೂರವನ್ನು ಮೊಣಕಾಲಿಗೆ ಎತ್ತಿ ಮಾಲೀಕರು ಬೂಟಿನೊಳಗೆ ಕಾಲು ತುರುಕುತ್ತಿದ್ದರು, ಲ್ಯಾನ್ಸಿ ಒಂದು ಕೈಯಲ್ಲಿ ಚಿತ್ರದ ಗಟ್ಟಿಯನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದ. ಇಡೀ ಸಾಲು ಕಾಯು‌ತ್ತಿತ್ತು.

ಮೊದಲು ಬಟ್ಟೆ ಹರಿದ ಹಾಗೆ ಒಂದು ಸಣ್ಣ ಸದ್ದು. ನಾನು ತಲೆ ಎತ್ತಿದೆ. ಹಲಗೆಯ ಬಲತುದಿ ಇಳಿಯಿತು. ಒಂದು ಕ್ಷಣ ಅದು ಹಾಗೆಯೇ ಓರೆಯಾಗಿ ನಿಂತಂತೆ ಕಂಡಿತು. ಆಮೇಲೆ ಪೂರಾ ಬಂತು. ಸದ್ದು ಎದೆಗೆ ಬಡಿಯಿತು. ಧೂಳು ಎದ್ದಿತು. ಕೂಲರಿನ ನೀರು ಗುಳುಗುಳು ಎಂದಿತು. ಧೂಳು ಇಳಿದಾಗ ಚಾಪೆ ಕಾಣಲಿಲ್ಲ, ಹಲಗೆಯಷ್ಟೇ ಇತ್ತು. ಬೆಲ್ಟು ಹಲಗೆಯ ಮೂಲೆಗೆ ಉಜ್ಜಿ ಹರಿದಿತ್ತೆಂದು ಆಮೇಲೆ ತಿಳಿಯಿತು.

ಚಾಚಾ ಒಬ್ಬೊಬ್ಬರ ಹೆಸರನ್ನೂ ಹಿಡಿದು ಕೂಗಿದರು. ಒಬ್ಬೊಬ್ಬರೂ ಓಗೊಟ್ಟರು. ಮ್ಯಾನೇಜರ್ ಸರದಿ ಬಂದಾಗ ಅವರು "ಅದೀನ್ರೀ... ಅದೀನಿ" ಎಂದು ನೆಲದ ಮೇಲೆ ಕುಳಿತುಬಿಟ್ಟರು.

ಕಮೀಲ್ ಮೆಲ್ಲಗೆ ತನ್ನ ಭಾಷೆಯಲ್ಲಿ, ಎಂಥ ಆಕಸ್ಮಿಕ ಎಂದಳು. ಅದರಲ್ಲಿ 'ಅಝಾರ್' ನನಗೆ ಕೇಳಿಸಿತು. ಮಾರೆಕ್ ತಲೆ ಅಲ್ಲಾಡಿಸಿ ಇಂಗ್ಲಿಷಿನಲ್ಲಿ, ಅಂಥ ಭಾರವನ್ನು ರಾತ್ರಿಯಿಡೀ ಒಂದೇ ಬೆಲ್ಟಿಗೆ ಬಿಟ್ಟದ್ದು ನಮ್ಮ ಪೋಲೆಂಡಿನವರ ಅರ್ಥದ ಹ್ಯಾಝರ್ಡ್, ಶುದ್ಧ ಜೂಜು, ಎಂದ. ಬೇರೆ ದಿನವಾಗಿದ್ದರೆ ಚಾಚಾ ಕುಣಿಯುತ್ತಿದ್ದರು. ಅಂದು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ, ಆಮೇಲೆ ಅರಬ್ಬಿಯಲ್ಲಿ, ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ನನ್ನನ್ನು ಯಾರೂ ಹೊಗಳ್ಬೇಡಿ. ಹಲಗೆ ನಾನು ನೋಡ್ಲಿಲ್ಲ. ಜೀವಮಾನ ಇಡೀ ಮೇಲೆ ನೋಡಿ ಮೇಲೆ ನೋಡಿ ಅಂತ ಹೇಳಿದವ, ಇವತ್ತು ನಾನು ನೋಡಿದ್ದು ಕೆಳಗೆ. ಬರೀ ಕಾಲು ನೋಡಿದೆ."

ಅರ್ಬಾಬ್ ಎದ್ದರು. ಎರಡೂ ಬೂಟಿನ ದಾರ ಕಟ್ಟಿಯಾಗಿತ್ತು. ಲ್ಯಾನ್ಸಿಯ ಕೈಯಿಂದ ಗಟ್ಟಿಯನ್ನು ಇಸಕೊಂಡು, ಗೆರೆಯ ಈಚೆಯೇ ನೆಲದ ಮೇಲೆ ಉರುಳಿಸಿದರು. ಏಣಿ ಬಂತು. ನಿಯಮವನ್ನು ಯಾರೋ ಅವರಿಗೆ ಮೊದಲೇ ತಿಳಿಸಿರಬೇಕು. ಅರಬ್ಬಿಯಲ್ಲಿ ಮಾತಾಡಿದರು. ಚಾಚಾ ಹಿಂದಿಗೆ ತಿರುಗಿಸುತ್ತ ಹೋದವರು ನಡುವೆ ಗಕ್ಕನೆ ನಿಂತರು. "ಯಲ್ಲಾ, ಯಲ್ಲಾ" ಎಂದು ಅರ್ಬಾಬ್ ಅವಸರ ಮಾಡಿದರು.

"ಅವರು ಹೇಳ್ತಾರೆ," ಎಂದರು ಚಾಚಾ, ನೆಲ ನೋಡುತ್ತ. "ಪ್ಯಾಡೆಲ್ ಎಲ್ಲ ಸುಳ್ಳಂತೆ. ಮನೆಯಲ್ಲಿ ಬೀರುವಿನ ಮೇಲಿನಿಂದ ಚಾಕಲೇಟ್ ಡಬ್ಬಿ ತೆಗೀಲಿಕ್ಕೆ ತಿರುಗುವ ಕುರ್ಚಿ ಹತ್ತಿದ್ದಂತೆ. ಡಾಕ್ಟರ್ ಸಿಹಿ ಬೇಡ ಅಂದಿದ್ರು, ಹೆಂಡತಿ ಅಲ್ಲಿ ಅಡಗಿಸಿ ಇಟ್ಟಿದ್ರು. ಕುರ್ಚಿ ತಿರುಗಿತು."

ದಿಲ್‌ಬಹಾದುರ್ ಮೊದಲು ನಕ್ಕ. ಆಮೇಲೆ ಎಲ್ಲರೂ. ಬದುಕಿದ್ದೇವೆಂದು ಗೊತ್ತಾದ ಮೇಲೆ ಬರುವ ನಗು ಅದು, ನಿಲ್ಲಿಸಲು ಆಗುವುದಿಲ್ಲ. ಮ್ಯಾನೇಜರ್ ಕುಳಿತಲ್ಲೇ ಅಳುತ್ತ ನಗುತ್ತಿದ್ದರು. ಅರ್ಬಾಬ್ ಕೈ ಎತ್ತಿದರು. ಈ ಬಾರಿ ಅವರು ಇಂಗ್ಲಿಷಿನಲ್ಲಿ ಹೇಳಿದ್ದರಿಂದ ನನಗೆ ಮಾತುಮಾತೂ ನೆನಪಿದೆ. ಜೂಜೆಂದರೆ ಅಲ್ಲಿ ಯಾರಾದರೂ ಸೋಲಲೇಬೇಕು. ಇಲ್ಲಿ ಸೋತವರು ಯಾರು, ತೋರಿಸಿ. ಮ್ಯಾನೇಜರ್ ಕಡೆ ನೋಡಿ, ಸಿಟ್ಟಿಲ್ಲದೆ, ದೂರು ಇಲ್ಲಿಗೆ ಮುಗಿಯಿತು ಎಂಬಂತೆ, "ಖಲಾಸ್" ಎಂದರು. ಚಾಚಾ ಕನ್ನಡಕ ತೆಗೆದು ಜಾಕೆಟ್ಟಿನ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. "ಚಾಯ್ ಆಯ್ತಾ ಯಾರದ್ದಾದ್ರೂ?" ಎಂದು ಕೇಳಿದರು.

ಉಳಿದ ತಿಂಗಳು ಮುಗಿಸಿ ಅವರು ಊರಿಗೆ ಹೋದರು.

ಆ ಬೆಳಿಗ್ಗೆ ಗೆರೆಯ ಈಚೆ ನಿಂತು ಇದನ್ನು ಕಂಡವರು ಇವರು. ಬಜ್ಪೆಯ ಲ್ಯಾನ್ಸಿ ಈಗಲೂ ನಮ್ಮ ಫೋರ್‌ಮನ್. ದಿಲ್‌ಬಹಾದುರ್ ಪೋಖರಾದಲ್ಲಿ ಸಣ್ಣ ಹೋಟೆಲ್ ಇಟ್ಟಿದ್ದಾನೆ. ಕಮೀಲ್ ಲಿಯೋನ್‌ಗೆ ಮರಳಿದಳು, ಅವಳಿಗೆ ಮಗನಾಗಿದ್ದಾನೆ. ಮಾರೆಕ್ ಈ ವರ್ಷವೂ ಬಂದಿದ್ದ. ಮ್ಯಾನೇಜರ್ ಮೇಲಿನ ಗಾಜಿನ ಕೋಣೆಯಲ್ಲೇ ಇದ್ದಾರೆ, ಬೆಳಿಗ್ಗೆ ಕೆಳಗೆ ಇಳಿದು ಸಾಲಿನಲ್ಲಿ ನಿಲ್ಲುತ್ತಾರೆ. ಅರ್ಬಾಬ್ ಇದ್ದಾರೆ, ಕುಂಟುವುದಿಲ್ಲ. ನಾನು ಇದ್ದೇನೆ. ಇವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು.